‘ಇನ್ ಟ್ರಾನ್ಸಿಟ್’ ಅಂದ್ರೆ ನಮ್ಮ ಪಾರ್ಸೆಲ್ ಎಲ್ಲೈತಿ?

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಮಂದಿ. ಒಬ್ಬ ಜಮಖಂಡಿಯವ, ಒಬ್ಬ ಮುಧೋಳದವ, ಒಬ್ಬ ಬೀಳಗಿಯವ, ಇನ್ನೊಬ್ಬ ಬನಹಟ್ಟಿಯವ. ಬನಹಟ್ಟಿ ಗೆಳೆಯನ ಮನೆಯಲ್ಲಿ ಮಗ್ಗ ಇವೆ. ಅವನ ಅವ್ವ ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಸೀರೆ ಮಾರ್ತಾರೆ.

ಹೋದ ಸೆಮಿಸ್ಟರ್‌ನಲ್ಲಿ ಬೆಂಗಳೂರಿನ ಒಬ್ಬರು ಮಗಳ ಸೀಮಂತಕ್ಕೆ ಅಂತ ನಾಲ್ಕು ಸೀರೆ ತರಿಸಿದ್ರು. ಪಾರ್ಸೆಲ್ ಹೋಯ್ತು, ಟ್ರ್ಯಾಕಿಂಗ್ ‘ಇನ್ ಟ್ರಾನ್ಸಿಟ್’ ಅಂತ ತೋರಿಸಿ ಮೂರು ದಿನ ಅಲ್ಲೇ ನಿಂತುಬಿಡ್ತು. ಗಿರಾಕಿಗೆ ಅನುಮಾನ ಬಂತು: “ನೀವು ಕಳಿಸೇ ಇಲ್ಲ ಅನ್ಸುತ್ತೆ, ದುಡ್ಡು ವಾಪಸ್ ಹಾಕಿ.” ಅವ್ವ ರಾತ್ರಿ ಫೋನ್ ಮಾಡಿ, “ಇಂಜಿನಿಯರಿಂಗ್ ಓದಾಕತ್ತೀರಿ, ಮೊಬೈಲ್ ನೋಡಿ ಹೇಳ್ರಿ, ಸೀರಿ ಎಲ್ಲಿ ಅದಾವು?” ಅಂದ್ರು. ನಾಲ್ವರೂ ಸ್ಕ್ರೀನ್ ನೋಡಿದ್ವಿ, ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅವ್ವ ದುಡ್ಡು ವಾಪಸ್ ಹಾಕಿದ್ರು. ಮರುದಿನ ಮಧ್ಯಾಹ್ನ ಸೀರೆ ಗಿರಾಕಿ ಮನೆ ಮುಟ್ಟಿದವು. ಅವರು ದುಡ್ಡು ಮತ್ತೆ ಕಳಿಸಿದ್ರು, ನಿಜ. ಆದ್ರೆ ಮುಂದಿನ ಆರ್ಡರ್ ಮಾತ್ರ ಬರಲಿಲ್ಲ.

ಅದಾದ ಮೇಲೆ ಕೂತು ಓದಿ, ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲನೇ ಮಾತು: ಟ್ರ್ಯಾಕಿಂಗ್ ಅಂದ್ರೆ ಜಿಪಿಎಸ್ ಅಲ್ಲ. ಅದು ಪಾರ್ಸೆಲ್ ಈಗ ಎಲ್ಲಿದೆ ಅಂತ ಹೇಳೋದಿಲ್ಲ, ಕೊನೇ ಸಲ ಬಾರ್‌ಕೋಡ್ ಎಲ್ಲಿ ಸ್ಕ್ಯಾನ್ ಆಯ್ತು ಅಂತ ಹೇಳುತ್ತೆ. ಎರಡು ಸ್ಕ್ಯಾನ್ ನಡುವೆ ಲಾರಿ ರಾತ್ರಿಯೆಲ್ಲ ಓಡ್ತಿದ್ರೂ ಪರದೆ ಮೇಲೆ ಏನೂ ಬದಲಾಗಲ್ಲ. ಅದಕ್ಕೇ ಅಪ್ಡೇಟ್ ಇಲ್ಲ ಅಂದ ಕೂಡ್ಲೇ ಪಾರ್ಸೆಲ್ ನಿಂತಿದೆ ಅಂತ ಅಲ್ಲ.

ಈಗ ಒಂದೊಂದೇ ಸ್ಟೇಟಸ್ ನೋಡೋಣ.

‘ಲೇಬಲ್ ಕ್ರಿಯೇಟೆಡ್’ ಅಂದ್ರೆ ನಂಬರ್ ಮಾತ್ರ ಹುಟ್ಟಿದೆ, ಪಾರ್ಸೆಲ್ ಇನ್ನೂ ಮಾರಿದವರ ಹತ್ತಿರಾನೇ ಇರಬಹುದು. ‘ಬುಕ್ಡ್’ ಅಥವಾ ‘ಪಿಕ್ಡ್ ಅಪ್’ ಅಂದ್ರೆ ಕೈ ಬದಲಾಗಿದೆ. ‘ಬ್ಯಾಗ್ಡ್’, ‘ಡಿಸ್ಪ್ಯಾಚ್ಡ್’ ಅಂದ್ರೆ ಬೇರೆ ಪಾರ್ಸೆಲ್‌ಗಳ ಜೊತೆ ಒಂದೇ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಕಳಿಸಿದ್ದಾರೆ. ಚೀಲ ಬಿಚ್ಚೋವರೆಗೂ ಒಳಗಿನದ್ದನ್ನ ಬಿಡಿಬಿಡಿಯಾಗಿ ಸ್ಕ್ಯಾನ್ ಮಾಡೋಕೆ ಆಗಲ್ಲ. ಅವ್ವನ ಸೀರೆಗಳ ‘ಮೌನ’ಕ್ಕೆ ಕಾರಣ ಇದೇ ಇರಬೇಕು. ‘ಔಟ್ ಫಾರ್ ಡೆಲಿವರಿ’ ಅಂದ್ರೆ ಬೆಳಿಗ್ಗೆ ಡೆಲಿವರಿ ಹುಡುಗನ ಲೆಕ್ಕಕ್ಕೆ ಹಾಕಿದ್ದಾರೆ ಅಂತ ಅಷ್ಟೇ, ಇವತ್ತೇ ಬರುತ್ತೆ ಅನ್ನೋ ಆಣೆ ಅಲ್ಲ.

ಎಚ್ಚರ ಆಗಬೇಕಾದದ್ದು ಎರಡು ಕಡೆ. ‘ಡೆಲಿವರಿ ಅಟೆಂಪ್ಟೆಡ್’ ಅಂತ ಬಂದ್ರೆ ಅವತ್ತೇ ಫೋನ್ ಮಾಡಿ. ‘ಆರ್‌ಟಿಓ’ ಅಂತ ಬಂದ್ರೆ ಅದು ಗಾಡಿ ನೋಂದಣಿ ಆಫೀಸ್ ಅಲ್ಲ, ಪಾರ್ಸೆಲ್ ಕಳಿಸಿದವರಿಗೇ ವಾಪಸ್ ಹೊರಟಿದೆ ಅಂತ ಅರ್ಥ. ಹೊರಟ ಮೇಲೆ ತಿರುಗಿಸೋದು ಕಷ್ಟ.

ಇನ್ನು ಮುಧೋಳದವನ ಪ್ರಶ್ನೆ: “ನಮ್ಮೂರಿಂದ ಜಮಖಂಡಿಗೆ ಬಸ್ಸಿನಾಗ ತಾಸೊಪ್ಪತ್ತಿನ ಹಾದಿ. ಪಾರ್ಸೆಲ್ ಯಾಕ ಹುಬ್ಬಳ್ಳಿ ನೋಡಿ ಬರ್ತೈತಿ?” ಇದಕ್ಕೆ ನಮ್ಮ ಗ್ರಾಫ್ ಥಿಯರಿನೇ ಉತ್ತರ. 100 ಊರುಗಳ ನಡುವೆ ನೇರ ದಾರಿ ಬೇಕಂದ್ರೆ 4,950 ಜೋಡಿ ಆಗ್ತವೆ. ಎಲ್ಲವನ್ನೂ ಒಂದು ಹಬ್‌ಗೆ ತಂದು ಹಂಚಿದ್ರೆ 100 ದಾರಿ ಸಾಕು. ಒಂದು ಪಾರ್ಸೆಲ್‌ಗೆ ಸುತ್ತು, ಒಟ್ಟು ಲೆಕ್ಕದಲ್ಲಿ ಉಳಿತಾಯ. ಜಮಖಂಡಿಗೆ ಇನ್ನೂ ರೈಲು ಬಂದಿಲ್ಲ, ಹಾಗಾಗಿ ಕೊನೇ ಹಂತ ಪೂರ್ತಿ ರಸ್ತೆ ಮೇಲೇನೇ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ನಮ್ಮ ಕಡೆ ರಸ್ತೆ ಬಂದ್ ಆಗಿದ್ದನ್ನ ನಾವು ಶಾಲೆಯಲ್ಲಿದ್ದಾಗ ನೋಡಿದ್ದೀವಿ. ಅಂಥ ದಿನಗಳಲ್ಲಿ ಯಾವ ಆ್ಯಪ್‌ನ ಅಂದಾಜು ದಿನಾಂಕಾನೂ ನಂಬಂಗಿಲ್ಲ.

ತಡ ಆಗೋಕೆ ನಮ್ಮದೇ ತಪ್ಪೂ ಇರುತ್ತೆ, ಮುಖ್ಯವಾಗಿ ಪಿನ್ ಕೋಡ್. ಇದು ಶುರುವಾಗಿದ್ದು 1972ರ ಆಗಸ್ಟ್ 15ರಂದು. ಆರು ಅಂಕಿಗಳಲ್ಲಿ ಮೊದಲ ಮೂರು ಸಾರ್ಟಿಂಗ್ ಜಿಲ್ಲೆ, ಕೊನೇ ಮೂರು ಅಂಚೆ ಕಚೇರಿ. ಜಮಖಂಡಿ 587301, ಮುಧೋಳ 587313, ಬೀಳಗಿ 587116. ರಬಕವಿ-ಬನಹಟ್ಟಿ ಅಂತ ಒಂದೇ ಉಸಿರಿಗೆ ಹೇಳ್ತೀವಿ, ನಗರಸಭೆನೂ ಒಂದೇ, ಆದ್ರೆ ಪಿನ್ ಬೇರೆ: ಬನಹಟ್ಟಿ 587311, ರಬಕವಿ 587314. ನಮ್ಮ ಗೆಳೆಯ ಮಿನಿ ಪ್ರಾಜೆಕ್ಟ್‌ನ ಸೆನ್ಸರ್‌ಗೆ ರಬಕವಿ ಪಿನ್ ಕೊಟ್ಟು ಎರಡು ದಿನ ಕಳ್ಕೊಂಡ.

ಬೀಳಗಿಯವನ ತೊಂದರೆ ಬೇರೆ. ಆಲಮಟ್ಟಿ ಹಿನ್ನೀರಿನಿಂದ ಅವರ ಕಡೆ ಎಷ್ಟೋ ಹಳ್ಳಿ ಪುನರ್ವಸತಿ ಕೇಂದ್ರಕ್ಕೆ ಬಂದಿವೆ. ಬರೀ ಊರ ಹೆಸರು ಬರೆದ್ರೆ ಹಳೇದೋ ಹೊಸದೋ ಹೊರಗಿನವರಿಗೆ ತಿಳಿಯಲ್ಲ. ಪುನರ್ವಸತಿ ಕೇಂದ್ರ ಅಂತ ಸ್ಪಷ್ಟವಾಗಿ ಬರೆದು, ಗುಡಿ, ಶಾಲೆ, ಅಂಗಡಿ ಯಾವುದಾದರೂ ಗುರುತು ಹೇಳಿ, ಹಗಲು ಎತ್ತೋ ಫೋನ್ ನಂಬರ್ ಕೊಡಿ. ಕ್ಲಾಸ್‌ನಲ್ಲಿ ಸೈಲೆಂಟ್ ಇರೋ ನಮ್ಮ ನಂಬರ್‌ಗಿಂತ ಮನೆಯವರ ನಂಬರ್ ವಾಸಿ.

ನಂಬರ್ ಹಾಕಿದ್ರೂ ‘ನಾಟ್ ಫೌಂಡ್’ ಅಂತ ಬರ್ತಿದೆಯಾ? ಟೈಪ್ ಮಾಡೋವಾಗ ತಪ್ಪಿರಬಹುದು. ಸ್ಪೀಡ್ ಪೋಸ್ಟ್ ನಂಬರ್‌ನಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’ ಇರ್ತವೆ. ಒಂಬತ್ತನೇದು ಚೆಕ್ ಡಿಜಿಟ್. ಮೊದಲ ಎಂಟು ಅಂಕಿಗಳನ್ನ ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನ 11ರಲ್ಲಿ ಕಳೀರಿ. 12345678ಕ್ಕೆ ಮೊತ್ತ 204, ಶೇಷ 6, ಚೆಕ್ ಡಿಜಿಟ್ 5. ಉತ್ತರ 10 ಬಂದ್ರೆ 0, 11 ಬಂದ್ರೆ 5. ಹತ್ತು ಸಾಲಿನ ಕೋಡ್, ಬರೆದು ನೋಡಿ.

ನಿಜವಾಗ್ಲೂ ತಡ ಆದ್ರೆ ಏನು ಮಾಡೋದು? ಅಂದಾಜು ದಿನಾಂಕ ದಾಟೋವರೆಗೆ ಕಾಯಿರಿ. ದಾಟಿದ ಮೇಲೆ ಕಳಿಸಿದವರಿಗೆ ಮೊದಲು ಬರೀರಿ, ಯಾಕಂದ್ರೆ ಬುಕಿಂಗ್ ರಸೀದಿ ಅವರ ಹತ್ತಿರ ಇರುತ್ತೆ. ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಅಂಚೆಯದ್ದಾದ್ರೆ ಊರಿನ ಅಂಚೆ ಕಚೇರಿಗೆ ಹೋಗಿ ಕೇಳಿ, ಇಲ್ಲಾ 1800 266 6868ಕ್ಕೆ ಫೋನ್ ಮಾಡಿ. ಆನ್‌ಲೈನ್ ಅಂಗಡಿಯಾದ್ರೆ, 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕಾಯೋ ಹೊತ್ತಲ್ಲೇ ಮೋಸಗಾರರು ಬರ್ತಾರೆ. “ನಿಮ್ಮ ವಿಳಾಸ ಅಪೂರ್ಣ, ಲಿಂಕ್ ಒತ್ತಿ ಸ್ವಲ್ಪ ಶುಲ್ಕ ಕಟ್ಟಿ” ಅನ್ನೋ ಮೆಸೇಜ್ ಬಂದ್ರೆ ಮುಟ್ಟಬೇಡಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಬನಹಟ್ಟಿ ಅವ್ವ ಪಾರ್ಸೆಲ್ ಕಳಿಸಿದ ದಿನಾನೇ ಗಿರಾಕಿಗೆ ರಸೀದಿ ಫೋಟೋ ಹಾಕಿ, ಜೊತೆಗೊಂದು ವಾಯ್ಸ್ ಮೆಸೇಜ್ ಕಳಿಸ್ತಾರೆ: “ನಡಬರಕ ಎರಡ್ಮೂರು ದಿನ ಮೊಬೈಲ್‌ನಾಗ ಏನೂ ತೋರ್ಸಂಗಿಲ್ರಿ. ಚೀಲದಾಗ ಇರ್ತೈತಿ, ಗಾಬರಿ ಆಗಬ್ಯಾಡ್ರಿ.” ನಾವು ಇಷ್ಟುದ್ದ ಬರೆದಿದ್ದನ್ನ ಅವರು ಎರಡೇ ಮಾತಲ್ಲಿ ಹೇಳ್ತಾರೆ. ಆಮೇಲೆ ದುಡ್ಡು ವಾಪಸ್ ಕೇಳಿದವರು ಯಾರೂ ಇಲ್ಲ.