ಮಡಚಿಡುವ ಕೆಲಸದ ಮೇಜು: ಕೊಳ್ಳುವ ಮುನ್ನ ಅಲುಗಾಡಿಸಿ ನೋಡಿ

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಶಾಲೆ ಬಾಗಿಲು ತೆರೆದಿರುತ್ತದೆ. ಅದರ ಹಿಂದೆಯೇ ವಿಜ್ಞಾನ ಮಾದರಿಗಳ ಕಾಲ. ಹುಡುಗ ಹಳೆಯ ಹಣ್ಣಿನ ಪೆಟ್ಟಿಗೆಯ ಹಲಗೆಯೊಂದನ್ನು ಬಾಗಿಲ ಮೆಟ್ಟಿಲ ಮೇಲಿಟ್ಟು, ಎಡಗಾಲಿನಿಂದ ಒತ್ತಿ ಹಿಡಿದು ಗರಗಸ ಆಡಿಸುತ್ತಾನೆ. ‘ಕಾಲು ಕೊಯ್ದುಕೊಂಡೀಯೆ ಕಣೋ’ ಎಂದು ಒಳಗಿನಿಂದ ತಾಯಿ ಕೂಗುತ್ತಾಳೆ. ಅವಳ ಆತಂಕ ಸುಳ್ಳಲ್ಲ. ಹಲಗೆ ಜಾರಿದರೆ ಗರಗಸಕ್ಕೆ ಸಿಗುವುದು ಪಾದ ಇಲ್ಲವೇ ಬೆರಳು.

ನಮ್ಮ ಬಡಗಿಗಳು ನೆಲದಲ್ಲೇ ಕುಳಿತು, ಕಾಲಲ್ಲೇ ಮರ ಹಿಡಿದು ಚೆಂದದ ಬಾಗಿಲು ಕಿಟಕಿ ಮಾಡಿದವರು. ಆದರೆ ಅದು ವರ್ಷಗಟ್ಟಲೆ ಪಳಗಿದ ಕಾಲು. ಹೈಸ್ಕೂಲು ಹುಡುಗನಿಗೋ, ಐ.ಟಿ.ಐ.ನಲ್ಲಿ ಫಿಟ್ಟರ್ ಕಲಿಯುತ್ತ ಮನೆಯಲ್ಲೂ ಕೈ ಪಳಗಿಸಿಕೊಳ್ಳಲು ಬಯಸುವವನಿಗೋ ವಸ್ತುವನ್ನು ಬಿಗಿಯಾಗಿ ಹಿಡಿಯುವ ಮೇಜೊಂದು ಬೇಕು. ಚಿಕ್ಕ ಮನೆಯಲ್ಲಿ ಅದಕ್ಕೆ ಕಾಯಂ ಜಾಗ ಎಲ್ಲಿಂದ ತರುವುದು? ಮಡಚಿ ಗೋಡೆಗೆ ಒರಗಿಸಿಡುವ ಮೇಜು ಹುಟ್ಟಿದ್ದೇ ಈ ಪ್ರಶ್ನೆಯಿಂದ.

ಕುರ್ಚಿ ಕೊಯ್ದವನ ಕಥೆ

ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಲೋಟಸ್ ಕಾರು ಕಂಪೆನಿಯಲ್ಲಿ ವಿನ್ಯಾಸಕಾರನಾಗಿದ್ದವನು ರಾನ್ ಹಿಕ್‌ಮನ್. 1961ರ ಸುಮಾರಿಗೆ ಮನೆಯಲ್ಲಿ ಮರಗೆಲಸ ಮಾಡುವಾಗ ದುಬಾರಿ ಕುರ್ಚಿಯೊಂದನ್ನೇ ಮೇಜಾಗಿ ಬಳಸಿ, ಹಲಗೆಯ ಜೊತೆಗೆ ಕುರ್ಚಿಯನ್ನೂ ಕೊಯ್ದುಬಿಟ್ಟ. ಆ ನಷ್ಟವೇ ಅವನ ತಲೆಯಲ್ಲಿ ಹೊಸ ಮೇಜಿಗೆ ಬೀಜವಾಯಿತು. ಅದರ ಮೇಲ್ಭಾಗದ ಎರಡು ಹಲಗೆಗಳೇ ಹಿಡಿಕೆ ತಿರುಗಿಸಿದರೆ ಹತ್ತಿರ ಸರಿದು ದವಡೆಯಂತೆ ವಸ್ತುವನ್ನು ಕಚ್ಚಿ ಹಿಡಿಯುತ್ತವೆ. ಕಂಪೆನಿಗಳು ಮೊದಲು ‘ಇದನ್ನು ಯಾರು ಕೊಳ್ಳುತ್ತಾರೆ?’ ಎಂದು ಕೈಚೆಲ್ಲಿದವು. ಹಿಕ್‌ಮನ್ ತಾನೇ ತಯಾರಿಸಿ ಮಾರಿದ. 1970ರ ದಶಕದ ಆರಂಭದಲ್ಲಿ, ಮೊದಲು ಬೇಡವೆಂದಿದ್ದ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿಯೇ ಅದನ್ನು ‘ವರ್ಕ್‌ಮೇಟ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮಾರಾಟ ಕೋಟಿಯ ಗಡಿ ದಾಟಿತು.

ಅಂಗಡಿಯಲ್ಲಿ ಏನು ನೋಡಬೇಕು?

ಮೊದಲನೆಯದು ಎತ್ತರ. ಇದಕ್ಕೆ ಟೇಪು ಬೇಡ, ಕಲಿಯುವವನ ಮೈಯೇ ಅಳತೆ. ಅರ ಹಾಕುವ ಕೆಲಸಕ್ಕೆ ವೈಸಿನ ದವಡೆ ಅವನ ಮೊಣಕೈ ಮಟ್ಟದಲ್ಲಿರಬೇಕು. ಕೀಸುಳಿಯಿಂದ ಮರ ಕೀಸಲು ಮೇಜು ಮಣಿಕಟ್ಟಿನಷ್ಟು ಎತ್ತರವಿದ್ದರೆ ಮೈಭಾರ ಒತ್ತಲು ಅನುಕೂಲ. ಉದ್ದ ಹಲಗೆ ಕೊಯ್ಯಲು ಮಂಡಿಯ ಎತ್ತರವೇ ಹಿತ. ಆದ್ದರಿಂದ ಎರಡು ಎತ್ತರಗಳಲ್ಲಿ ನಿಲ್ಲುವ ಮೇಜು ಬೆಳೆಯುವ ಮಕ್ಕಳಿಗೆ ಹೆಚ್ಚು ಕಾಲ ಬರುತ್ತದೆ.

ಎರಡನೆಯದು ಸ್ಥಿರತೆ. ಇಷ್ಟು ಕಿಲೋ ಭಾರ ಹೊರುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದನ್ನೇ ನಂಬಿದರೆ ಸಾಲದು. ಅದು ಮೇಲಿನಿಂದ ಕೆಳಕ್ಕೆ ಬೀಳುವ ಭಾರದ ಲೆಕ್ಕ. ಗರಗಸ, ಅರಗಳು ತಳ್ಳುವುದು ಅಡ್ಡಡ್ಡ. ಗುರುತ್ವ ಕೇಂದ್ರದ ಪಾಠ ಓದಿದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಿಲ್ಲ: ತಳ ಅಗಲವಾಗಿದ್ದಷ್ಟೂ ಮೇಜು ಮಗುಚುವುದು ಕಷ್ಟ. ಅಂಗಡಿಯಲ್ಲೇ ಮೇಜನ್ನು ಬಿಚ್ಚಿ ನಿಲ್ಲಿಸಿ, ಮೇಲ್ತುದಿ ಹಿಡಿದು ನಾಲ್ಕೂ ಕಡೆಗೆ ತಳ್ಳಿ ನೋಡಿ. ಕೀಲುಗಳು ಕಿರುಗುಟ್ಟಿ ಓಲಾಡಿದರೆ ಬೇಡವೆನ್ನಿ. ಕೆಳಗೆ ಪಾದ ಊರಿ ಒತ್ತಿ ಹಿಡಿಯಲು ಅಡ್ಡಪಟ್ಟಿ ಇದ್ದರೆ ಅದು ದೊಡ್ಡ ಲಾಭ.

ಮೂರನೆಯದು ಬೀಗ. ಬಿಚ್ಚಿದ ಕಾಲುಗಳು ತಾವಾಗಿ ಮಡಚಿಕೊಳ್ಳದಂತೆ ತಡೆ ಇರಬೇಕು. ಮಡಚುವಾಗ ಬೆರಳು ಸಿಕ್ಕಿಕೊಳ್ಳುವ ಸಂದುಗಳನ್ನು ಮಕ್ಕಳಿಗೆ ಮೊದಲೇ ತೋರಿಸಬೇಕು.

ಹಿಮದ ನಾಡಿನಲ್ಲೂ ಇದೇ ನಿಯಮ

2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ತೆಕ್ಕಡ ಭವಾನಿ ಸ್ಕೀ ಓಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಆ ಆಟದಲ್ಲಿ ಸ್ಕೀ ಪಟ್ಟಿಗಳ ತಳಕ್ಕೆ ಇಸ್ತ್ರಿಪೆಟ್ಟಿಗೆಯಂಥ ಸಾಧನದಿಂದ ಮೇಣ ಕರಗಿಸಿ ಹಚ್ಚಿ, ಆರಿದ ಮೇಲೆ ಕೆರೆದು, ಬ್ರಷ್‌ನಿಂದ ಉಜ್ಜುತ್ತಾರೆ. ಪಟ್ಟಿ ಉದ್ದವಾದುದರಿಂದ ನಡುವೆ ಬಿಗಿದು, ಎರಡು ತುದಿಗೂ ಆಸರೆ ಕೊಡುವ ಮಡಚುವ ಮೇಜು ಬೇಕು. ಕೆರೆಯುವಾಗ ಅದು ಜಾರಿದರೆ ಕೈಗೂ ಪೆಟ್ಟು, ಪಟ್ಟಿಗೂ ಗಾಯ. ಹಿಮವಿರಲಿ, ಮಾವಿನ ತೋಪಿರಲಿ, ಒಳ್ಳೆಯ ಮೇಜಿನ ಗುಣ ಒಂದೇ.

ಹಣ ಹೊಂದದಿದ್ದರೆ ನಿರಾಶರಾಗಬೇಕಿಲ್ಲ. ಊರಿನ ಬಡಗಿಯಿಂದ ಮಡಚುವ ಸ್ಟ್ಯಾಂಡ್ ಎರಡನ್ನು ಮಾಡಿಸಿ, ಮೇಲೆ ದಪ್ಪ ಹಲಗೆಯೊಂದನ್ನು ಬೋಲ್ಟಿನಿಂದ ಬಿಗಿದು, ಸಣ್ಣ ವೈಸ್ ಒಂದನ್ನು ಕೂರಿಸಿದರೆ ಕಲಿಕೆಗೆ ಸಾಕು. ಮಗನಿಗಾಗಲಿ ಮಗಳಿಗಾಗಲಿ ಉಳಿ, ಗರಗಸ ಕೊಡಿಸುವ ತಂದೆತಾಯಿ ಅದಕ್ಕೂ ಮೊದಲು ಹಿಡಿತ ಕೊಡಿಸಲಿ. ಬೆರಳು ಉಳಿದರೆ ತಾನೆ ಕಸುಬು?