ನೋವಾ ಸ್ಫೋಟದ ಮೊದಲ ದಿನಗಳು

ಉರಗಧರ ನಕ್ಷತ್ರಪುಂಜದ ಆರ್‌ಎಸ್ ಒಫಿಯೂಕಿ ಸಾಮಾನ್ಯವಾಗಿ ಹನ್ನೊಂದನೇ ಕಾಂತಿಮಾನದ ಆಸುಪಾಸಿನಲ್ಲಿರುತ್ತದೆ (ಈ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು). ಅದನ್ನು ನೋಡಲು ದೂರದರ್ಶಕ ಬೇಕು. 2021ರ ಆಗಸ್ಟ್ 8ರ ರಾತ್ರಿ ಐರ್ಲೆಂಡಿನ ಹವ್ಯಾಸಿ ವೀಕ್ಷಕ ಕೀತ್ ಗಿಯರಿ ನೋಡಿದಾಗ ಅದು ಐದನೇ ಕಾಂತಿಮಾನಕ್ಕೆ ಏರಿತ್ತು, ಬರಿಗಣ್ಣಿಗೇ ಕಾಣುವಷ್ಟು.

ಅಲ್ಲಿರುವುದು ಜೋಡಿ ನಕ್ಷತ್ರ. ಕೆಂಪು ದೈತ್ಯವೊಂದು ಚೆಲ್ಲುವ ಹೈಡ್ರೋಜನ್ ಪಕ್ಕದ ಶ್ವೇತಕುಬ್ಜದ ಮೇಲೆ ಪದರ ಪದರವಾಗಿ ಶೇಖರವಾಗುತ್ತದೆ. ಒತ್ತಡ, ಶಾಖ ಮಿತಿಮೀರಿದಾಗ ಆ ಪದರದಲ್ಲಿ ಪರಮಾಣು ಸಮ್ಮಿಲನ ಭುಗಿಲೇಳುತ್ತದೆ. ಇದೇ ನೋವಾ. ಶ್ವೇತಕುಬ್ಜ ಮಾತ್ರ ಉಳಿದುಕೊಂಡು ಮತ್ತೆ ಅನಿಲ ಕೂಡಿಹಾಕತೊಡಗುತ್ತದೆ. ಬಹುಪಾಲು ನೋವಾಗಳು ಮತ್ತೆ ಸಿಡಿಯಲು ಸಾವಿರಾರು ವರ್ಷ ಬೇಕು. ಇಲ್ಲಿನ ಶ್ವೇತಕುಬ್ಜ ತನ್ನ ಗರಿಷ್ಠ ಮಿತಿಯ ಹತ್ತಿರದಷ್ಟು ಭಾರ, ಮೇಲೆ ಬೀಳುವ ಅನಿಲವೂ ಹೇರಳ. ಹಾಗಾಗಿಯೇ 1985, 2006, 2021ರಲ್ಲಿ ಅದು ಮರಳಿ ಮರಳಿ ಸಿಡಿದಿದೆ.

ಸಿಡಿದ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ನುಗ್ಗಿ ಕೆಂಪು ದೈತ್ಯದಿಂದ ಬೀಸುವ ಮಾರುತಕ್ಕೆ ಬಡಿದು ಆಘಾತ ತರಂಗ ಎಬ್ಬಿಸುತ್ತದೆ. ಮೊದಲ ರಾತ್ರಿಗಳ ರೋಹಿತದಲ್ಲಿ ಇದು ಸ್ಪಷ್ಟ: ಹೈಡ್ರೋಜನ್ನಿನ ಅಗಲವಾದ ರೇಖೆ ವೇಗದ ಅನಿಲದ್ದು, ಅದರ ಮೇಲೇ ಕೂತ ಕಿರಿದಾದ ರೇಖೆ, ಸ್ಫೋಟದ ಬೆಳಕಿಗೆ ಹೊಳೆದ ನಿಧಾನಗತಿಯ ಮಾರುತದ್ದು. ದಿನ ಕಳೆದಂತೆ ಅಗಲದ ರೇಖೆ ಕಿರಿದಾಗುತ್ತಾ ಹೋದರೆ ಆಘಾತ ತರಂಗದ ವೇಗ ಕುಗ್ಗುತ್ತಿದೆ ಎಂದರ್ಥ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜಿ. ಸಿ. ಅನುಪಮಾ ಮತ್ತು ಟಿ. ಪಿ. ಪ್ರಭು 1985ರ ಸ್ಫೋಟದ ನಂತರದ ಹಂತಗಳ ರೋಹಿತಗಳನ್ನು ಕಾವಲೂರಿನ ವೀಕ್ಷಣಾಲಯದಿಂದ ಪಡೆದು ಅಧ್ಯಯನ ಮಾಡಿದ್ದರು.

2021ರಲ್ಲಿ ಸುದ್ದಿ ಬೇಗ ತಲುಪಿದ್ದರಿಂದ ನಮೀಬಿಯಾದ ಹೆಸ್ ದೂರದರ್ಶಕಗಳು ಮರುರಾತ್ರಿಯೇ ಅತ್ತ ತಿರುಗಿದವು. ನೋವಾದಿಂದ ಅತ್ಯಧಿಕ ಶಕ್ತಿಯ ಗ್ಯಾಮಾ ಕಿರಣಗಳು ಸಿಕ್ಕಿದ್ದು ಅದೇ ಮೊದಲು. ಫರ್ಮಿ ಉಪಗ್ರಹ ಕಂಡ ಕಡಿಮೆ ಶಕ್ತಿಯ ಕಿರಣಗಳು ಮೊದಲು ಶಿಖರ ಮುಟ್ಟಿದವು. ಹೆಸ್ ಕಂಡವು ಸುಮಾರು ಎರಡು ದಿನ ತಡವಾಗಿ. ಆಘಾತ ತರಂಗದಲ್ಲಿ ಸಿಕ್ಕ ಪ್ರೋಟಾನುಗಳು ಅಷ್ಟು ಶಕ್ತಿ ಗಳಿಸಲು ಕಾಲ ಬೇಕು ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ. ಇಂಥ ಕಣಗಳೇ ಆದ ವಿಶ್ವಕಿರಣಗಳು ವೇಗ ಪಡೆಯುವ ಬಗೆ ಹೀಗೆ ಕಣ್ಣೆದುರೇ ತೆರೆದುಕೊಂಡಿತು. ಎಚ್ಚರಿಕೆ ಒಂದು ವಾರ ತಡವಾಗಿದ್ದರೆ ಈ ಅಂತರ ಯಾರ ಅಳತೆಗೂ ಸಿಗುತ್ತಿರಲಿಲ್ಲ.

ಉತ್ತರ ಕಿರೀಟ ಪುಂಜದ ಟಿ ಕರೋನೆ ಬೊರಿಯಾಲಿಸ್ ಕೂಡ ಇದೇ ಬಗೆಯ ಜೋಡಿ. 1866 ಮತ್ತು 1946ರಲ್ಲಿ ಅದು ಸಿಡಿದು ಎರಡು–ಮೂರನೇ ಕಾಂತಿಮಾನಕ್ಕೆ ಏರಿತ್ತು. ಬರಿಗಣ್ಣಿಗೆ ಕಂಡದ್ದು ಕೆಲವೇ ದಿನ. ಅಂಥ ಅಲ್ಪಾಯುವಿನ ಬೆಳಕನ್ನು ಏರುವಾಗಲೇ ಹಿಡಿಯಬೇಕಾದರೆ ಆ ಪುಂಜದ ತಾರೆಗಳ ಗುರುತು ಮೊದಲೇ ಇರಬೇಕು, ಊರೂರಲ್ಲಿ ಆಕಾಶ ನೋಡುವವರಿರಬೇಕು. ಒಂದೆಡೆ ಮೋಡ ಮುಸುಕಿದರೂ ಇನ್ನೊಂದೆಡೆಯ ಹವ್ಯಾಸಿ ಹೊಸ ಬೆಳಕನ್ನು ಗುರುತಿಸಿ ತಿಳಿಸಬಲ್ಲರು. ದೊಡ್ಡ ದೂರದರ್ಶಕಗಳ ಕೆಲಸ ಅಲ್ಲಿಂದಲೇ ಶುರು.