ಮಕ್ಕಳ ಮೊಬೈಲ್ ಗೀಳು ಮತ್ತು ಮನೆಯ ವಾತಾವರಣ

ವರ್ತಕರ ಮನೆಗಳಲ್ಲಿ ಮಗನ ಮೊಬೈಲ್ ಗೀಳು ಕೆಲವೊಮ್ಮೆ ಬಯಲಾಗುವುದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ. ಆನ್‌ಲೈನ್ ಆಟಕ್ಕೆಂದು ಸಣ್ಣ ಸಣ್ಣ ಮೊತ್ತಗಳು ಅಂಗಡಿಯ ಖಾತೆಯಿಂದಲೇ ಹೋಗಿರುತ್ತವೆ. (ಇವನ್ನು ವ್ಯಾಪಾರದ ಖರ್ಚಿಗೆ ಬರೆಯುವಂತಿಲ್ಲ, ಮಾಲೀಕರ ಸ್ವಂತ ಖರ್ಚಿಗೇ ಹಾಕಬೇಕು.)

ಜಯನಗರದಲ್ಲಿ ಅಂಗಡಿ ಮುಚ್ಚಿ ತಂದೆ ಮನೆ ಸೇರುವಾಗ ರಾತ್ರಿ ಹತ್ತು ಗಂಟೆ. ಊಟಕ್ಕೆ ಕುಳಿತಾಗಲೂ ಆರ್ಡರು, ಯು.ಪಿ.ಐ. ಜಮೆ, 20ನೇ ತಾರೀಖಿನ ಜಿ.ಎಸ್.ಟಿ. ರಿಟರ್ನು ಎಲ್ಲವೂ ಮೊಬೈಲಿನಲ್ಲೇ. ಮಾತಿಗೆಂದು ಕಾದಿದ್ದ ಮಗ ಕೋಣೆ ಸೇರಿ ತನ್ನ ಮೊಬೈಲ್ ತೆರೆಯುತ್ತಾನೆ. ಅಂಕಗಳು ಇಳಿದಾಗ ಬೈಗುಳ. ಬೈಗುಳ ಮರೆಯಲು ಮತ್ತೆ ಮೊಬೈಲ್. ತಂದೆ ಕಿತ್ತಿಟ್ಟದ್ದನ್ನು ತಾಯಿ ಗುಟ್ಟಾಗಿ ಹಿಂದಿರುಗಿಸಿದರಂತೂ ನಿಯಮಕ್ಕೆ ಬೆಲೆಯೇ ಉಳಿಯದು. ಪಾಸ್‌ವರ್ಡ್ ಬದಲಿಸುವುದು ಅವಶ್ಯವೇ ಸರಿ. ಆದರೆ ಊಟದ ಅರ್ಧ ಗಂಟೆಯಾದರೂ ತಂದೆಯ ಮೊಬೈಲ್ ಬೀರುವಿನಲ್ಲಿರದ ಹೊರತು ಅದರಿಂದ ಹೆಚ್ಚಿನ ಫಲವಿಲ್ಲ.

ಓದು, ನಿದ್ರೆಗಳೇ ಕೆಡುವ ಹಂತ ತಲುಪಿದರೆ ತಜ್ಞರ ನೆರವು ಬೇಕು. ಬಿ.ಟಿ.ಎಂ. ಬಡಾವಣೆಯ ನಿಮ್ಹಾನ್ಸ್ ಕೇಂದ್ರದಲ್ಲಿ ಇದಕ್ಕೆಂದೇ 2014ರಲ್ಲಿ ‘ಶಟ್’ ಚಿಕಿತ್ಸಾಲಯ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಡಿಜಿಟಲ್ ಆಟಗಳ ವ್ಯಸನವನ್ನು ಸೇರಿಸಿದೆ. ಅಂಥಲ್ಲಿಗೆ ಮಗನೊಬ್ಬನನ್ನೇ ಕಳುಹಿಸದೆ ತಂದೆ ತಾಯಿ ಇಬ್ಬರೂ ಜೊತೆಗೆ ಹೋಗುವುದು ಲೇಸು.